ಶುಗರ್ ಕಾಲಿನ ಹುಣ್ಣಿಗೆ ಪಿಸಿಆರ್ ಟೆಸ್ಟ್ ಮಾಡಿಸ್ಬೇಕಾ, ಕಲ್ಚರ್ ಸಾಕಾ?

ಹಾಸನದವ್ನು

ಎಲ್ರಿಗೂ ನಮಸ್ಕಾರ. ಅಪ್ಪಂಗೆ ಶುಗರ್ ಬಂದು ಬಹಳ ವರ್ಷ ಆಯ್ತು, ಈಗ ಬಲಗಾಲಿನ ಹೆಬ್ಬೆರಳ ಬುಡದಲ್ಲಿ, ಅಂಗಾಲಿನ ಕಡೆ ಒಂದು ಹುಣ್ಣಾಗಿ ತಿಂಗಳುಗಟ್ಟಲೆ ಆದ್ರೂ ಮುಚ್ಕೊಳ್ತಿಲ್ಲ. ಮೊದ್ಲು ಊರಲ್ಲೇ ಡ್ರೆಸ್ಸಿಂಗ್ ಮಾಡಿಸ್ತಿದ್ವಿ, ಆಮೇಲೆ ಟೌನಲ್ಲಿ ಒಂದು ಆಸ್ಪತ್ರೆಗೆ ತೋರಿಸಿದ್ವಿ, ಅಲ್ಲಿ ಒಂದಾದ್ಮೇಲೆ ಒಂದು ಆಂಟಿಬಯಾಟಿಕ್ ಕೊಟ್ರು, ಅಮಾಕ್ಸಿಕ್ಲಾವ್ ಆಯ್ತು, ಲೆವೋಫ್ಲಾಕ್ಸಾಸಿನ್ ಆಯ್ತು, ಕೊನೆಗೆ ಲಿನೆಜೋಲಿಡ್. ತಗೊಂಡಾಗ ಸ್ವಲ್ಪ ಒಣಗಿದ ಹಾಗೆ ಕಾಣುತ್ತೆ, ನಿಲ್ಲಿಸಿದ್ರೆ ಮತ್ತೆ ಅದೇ ಕಥೆ. ಪಸ್ ಕಲ್ಚರ್‌ಗೂ ಕಳಿಸಿದ್ರು, ಕಾದು ಕಾದು ರಿಪೋರ್ಟ್ ತಗೊಂಡ್ರೆ ಅದ್ರಲ್ಲಿ ಮಿಕ್ಸೆಡ್ ಗ್ರೋತ್ (ಹಲವು ಬ್ಯಾಕ್ಟೀರಿಯಾ ಒಟ್ಟಿಗೆ ಬೆಳೆದಿದೆ), ಇನ್ನೊಂದ್ ಸಲ ಸ್ಯಾಂಪಲ್ ಕಳಿಸಿ ಅಂತ ಬರ್ದಿತ್ತು ಅಷ್ಟೇ.

ಈಗ ಇನ್ನೊಬ್ರು ಡಾಕ್ಟ್ರು ಪಿಸಿಆರ್ ಪ್ಯಾನೆಲ್ ಅಂತ ಇದೆ, ಬೆಂಗಳೂರಿಗೆ ಕಳಿಸಿದ್ರೆ ಅವತ್ತೇ ಯಾವ ಬ್ಯಾಕ್ಟೀರಿಯಾ, ಯಾವ ಔಷಧಿಗೆ ಬಗ್ಗಲ್ಲ ಅನ್ನೋದೆಲ್ಲ ಗೊತ್ತಾಗುತ್ತೆ ಮಾಡ್ಸಿ ಅಂತಾರೆ. ರೇಟ್ ಕೇಳಿದ್ರೆ ಕಲ್ಚರ್‌ಗಿಂತ ಎಷ್ಟೋ ಪಟ್ಟು ಜಾಸ್ತಿ. ಹಳೇ ಡಾಕ್ಟ್ರು ಅದೆಲ್ಲ ದಂಡ ಅಂತಾರೆ. ದುಡ್ಡಿನ ಪ್ರಶ್ನೆ ಅಲ್ಲ, ಹೆಂಗಾದ್ರೂ ಹೊಂದಿಸ್ತೀನಿ, ಆದ್ರೆ ನಿಜವಾಗ್ಲೂ ಉಪಯೋಗ ಇದ್ಯಾ? ಮುಖ್ಯವಾಗಿ ನಂಗೆ ಗೊತ್ತಾಗ್ಬೇಕಿರೋದು ಈ ಹುಣ್ಣಲ್ಲಿ ಇನ್‌ಫೆಕ್ಷನ್ ಇದ್ಯೋ ಇಲ್ವೋ ಅನ್ನೋದು. ಜ್ವರ ಇಲ್ಲ, ನೋವಂತೂ ಇಲ್ವೇ ಇಲ್ಲ, ನೀರು ಬರುತ್ತೆ, ಒಂದೊಂದ್ ದಿನ ವಾಸನೆ. ಗೊತ್ತಿರೋರು ಹೇಳಿ ಪ್ಲೀಸ್.

ಲ್ಯಾಬ್ ಮೇಷ್ಟ್ರು

ಮೈಕ್ರೋಬಯಾಲಜಿ ಲ್ಯಾಬಲ್ಲಿ ಕೆಲಸ ಮಾಡ್ತೀನಿ, ಡಾಕ್ಟ್ರಲ್ಲ, ಹಾಗಾಗಿ ಟೆಸ್ಟ್ ಬಗ್ಗೆ ಮಾತ್ರ ಹೇಳ್ತೀನಿ, ಔಷಧಿ ಬಗ್ಗೆ ನಿಮ್ಮ ಡಾಕ್ಟ್ರನ್ನೇ ಕೇಳಿ.

ಕಲ್ಚರ್ ಅಂದ್ರೆ ನೀವು ಕಳಿಸಿದ್ದನ್ನ ಪ್ಲೇಟ್ ಮೇಲೆ ಹಚ್ಚಿ ಇನ್‌ಕ್ಯುಬೇಟರ್‌ನಲ್ಲಿ ಇಡ್ತೀವಿ, ಬ್ಯಾಕ್ಟೀರಿಯಾ ಬೆಳೆಯೋಕೆ ಒಂದು ರಾತ್ರಿ ಬೇಕು, ಬೆಳೆದ ಮೇಲೆ ಅದು ಯಾವ್ದು ಅಂತ ಗುರುತು ಹಿಡಿದು ಯಾವ ಔಷಧಿಗೆ ಸಾಯುತ್ತೆ ಅಂತ ನೋಡೋಕೆ ಇನ್ನೊಂದು ದಿನ, ಎಲ್ಲಾ ಸೇರಿ ಎರಡು ಮೂರು ದಿನ ಆಗೇ ಆಗುತ್ತೆ, ಗಾಳಿ ಆಗದೇ ಇರೋ ಅನೆರೋಬ್ ಜಾತಿಯದ್ದಾದ್ರೆ ಇನ್ನೂ ಹೆಚ್ಚು. ಪಿಸಿಆರ್‌ನಲ್ಲಿ ಬೆಳೆಸೋ ಕೆಲಸವೇ ಇಲ್ಲ, ಬ್ಯಾಕ್ಟೀರಿಯಾದ ಡಿಎನ್‌ಎ ತುಣುಕನ್ನ ಮಷೀನ್ ಒಳಗೆ ಕೋಟ್ಯಂತರ ಕಾಪಿ ಮಾಡಿ ಇದ್ಯೋ ಇಲ್ವೋ ಅಂತ ನೋಡೋದು. ನಮ್ಮ ಕಡೆ ಟಿಬಿಗೆ ಸಿಬಿನ್ಯಾಟ್ ಅಂತ ಮಾಡ್ತಾರಲ್ಲ, ಜೀನ್‌ಎಕ್ಸ್‌ಪರ್ಟ್ ಮಷೀನು, ಅದೇ ಮಷೀನಿಗೆ ಗಾಯದ ಸ್ಯಾಂಪಲ್‌ನಲ್ಲಿ ಸ್ಟ್ಯಾಫ್ ಆರಿಯಸ್ ಅನ್ನೋ ಬ್ಯಾಕ್ಟೀರಿಯಾ ಇದ್ಯಾ, ಇದ್ರೆ ಅದು ಎಂಆರ್‌ಎಸ್‌ಎನಾ, ಅಂದ್ರೆ ಮಾಮೂಲಿ ಆಂಟಿಬಯಾಟಿಕ್‌ಗೆ ಬಗ್ಗದ ಜಾತಿನಾ ಅಂತ ಹೇಳೋ ಕಾರ್ಟ್ರಿಜ್ ಕೂಡ ಇದೆ, ಸುಮಾರು ಒಂದು ಗಂಟೇಲಿ ರಿಸಲ್ಟ್. ನಿಮ್ಗೆ ಹೇಳಿರೋ ಪ್ಯಾನೆಲ್ ಅಂದ್ರೆ ಒಂದೇ ಸಲಕ್ಕೆ ಹತ್ತಾರು ಬ್ಯಾಕ್ಟೀರಿಯಾ ಮತ್ತೆ ಮೆಕ್‌ಎ, ಎನ್‌ಡಿಎಂ, ಆಕ್ಸಾ-48 ಥರದ ರೆಸಿಸ್ಟೆನ್ಸ್ ಜೀನ್‌ಗಳನ್ನ, ಅಂದ್ರೆ ಔಷಧಿಗೆ ಬಗ್ಗದ ಹಾಗೆ ಮಾಡೋ ಜೀನ್‌ಗಳನ್ನ, ಹುಡುಕೋದು.

ಸ್ಪೀಡ್ ಇದೆ, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ನೀವು ಕೇಳಿದ ಮುಖ್ಯ ಪ್ರಶ್ನೆಗೆ, ಅಂದ್ರೆ ಇನ್‌ಫೆಕ್ಷನ್ ಇದ್ಯೋ ಇಲ್ವೋ ಅನ್ನೋದಕ್ಕೆ, ಪಿಸಿಆರ್ ಉತ್ತರ ಕೊಡಲ್ಲ. ಕಲ್ಚರೂ ಕೊಡಲ್ಲ. ತಿಂಗಳುಗಟ್ಟಲೆ ತೆರೆದಿರೋ ಯಾವ ಹುಣ್ಣನ್ನ ತಗೊಂಡ್ರೂ ಅದ್ರಲ್ಲಿ ಬ್ಯಾಕ್ಟೀರಿಯಾ ಇದ್ದೇ ಇರುತ್ತೆ, ಸುಮ್ನೆ ಮನೆ ಮಾಡ್ಕೊಂಡಿರುತ್ತೆ. ಅವು ಒಳಗೆ ನುಗ್ಗಿ ಹಾಳು ಮಾಡ್ತಿದ್ಯಾ ಅನ್ನೋದು ಬೇರೆ ವಿಷಯ. ಪಿಸಿಆರ್ ರಿಪೋರ್ಟು ಸಂತೇಲಿ ಯಾರ್ಯಾರು ಇದ್ರು ಅಂತ ಪಟ್ಟಿ ಕೊಡುತ್ತೆ, ಜೇಬು ಕತ್ತರಿಸಿದ್ದು ಯಾರು ಅಂತ ಹೇಳಲ್ಲ. ಅಷ್ಟೇ ಅಲ್ಲ, ಹಿಂದಿನ ಆಂಟಿಬಯಾಟಿಕ್‌ಗೆ ಸತ್ತು ಬಿದ್ದಿರೋ ಬ್ಯಾಕ್ಟೀರಿಯಾದ ಡಿಎನ್‌ಎ ಕೂಡ ಆ ಪಟ್ಟೀಲಿ ಬಂದ್ಬಿಡುತ್ತೆ.

ರೆಸಿಸ್ಟೆನ್ಸ್ ವಿಷಯದಲ್ಲೂ ಹುಷಾರಾಗಿರ್ಬೇಕು. ಹುಣ್ಣಲ್ಲಿ ಐದಾರು ಜಾತಿ ಇದ್ದು ಮೆಕ್‌ಎ ಜೀನ್ ಸಿಕ್ತು ಅಂದ್ಕೊಳ್ಳಿ, ಅದು ಸ್ಟ್ಯಾಫ್ ಆರಿಯಸ್‌ದೇ ಆಗಿರ್ಬೇಕು ಅಂತಿಲ್ಲ, ಚರ್ಮದ ಮೇಲೆ ಮಾಮೂಲಾಗಿ ಇರೋ ಸ್ಟ್ಯಾಫ್ ಎಪಿಡರ್ಮಿಡಿಸ್‌ದೂ ಆಗಿರ್ಬಹುದು. ಸ್ಯೂಡೊಮೊನಾಸ್ ಅನ್ನೋ ಬ್ಯಾಕ್ಟೀರಿಯಾ ಅಂತೂ ಇನ್ನೂ ಕಿಲಾಡಿ, ಔಷಧಿನ ಒಳಗೆ ಬಿಡದೇ ಇರೋದು, ಬಂದದ್ದನ್ನ ಪಂಪ್ ಮಾಡಿ ಹೊರಗೆ ಹಾಕೋದು ಇಂಥ ದಾರಿಗಳೆಲ್ಲ ಅದಕ್ಕೆ ಗೊತ್ತು, ಅವು ಜೀನ್ ಪ್ಯಾನೆಲ್‌ಗೆ ಸಾಮಾನ್ಯವಾಗಿ ಸಿಗಲ್ಲ. ಅಂದ್ರೆ ರಿಪೋರ್ಟಲ್ಲಿ ರೆಸಿಸ್ಟೆನ್ಸ್ ಜೀನ್ ಇಲ್ಲ ಅಂತ ಬಂದ್ರೂ ಔಷಧಿ ಕೆಲಸ ಮಾಡುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಪ್ಲೇಟ್ ಮೇಲೆ ಬೆಳೆಸಿ ಔಷಧಿ ಇಟ್ಟು ನೋಡೋದನ್ನ ಇನ್ನೂ ಬಿಡೋಕಾಗಿಲ್ಲ.

ಟೆಕ್ಕಿ ಮಗ

ಸರ್ ಕ್ಷಮಿಸಿ ಒಪ್ಪಲ್ಲ. ಕೋವಿಡ್ ಟೈಮಲ್ಲಿ ಇಡೀ ದೇಶ ಆರ್‌ಟಿಪಿಸಿಆರ್ ಮೇಲೇ ನಿಂತಿತ್ತು, ಗೋವಾದ ಕಂಪನಿ ಮಾಡಿದ ಟ್ರೂನ್ಯಾಟ್ ಮಷೀನು ತಾಲೂಕು ಆಸ್ಪತ್ರೆಗಳಿಗೂ ಬಂತು, ಆಗ ಯಾರೂ ಇದು ಸತ್ತ ವೈರಸ್ಸಾ ಬದುಕಿರೋದಾ ಅಂತ ಕೇಳ್ಲಿಲ್ಲ. ಈಗ ಪಾಪ ಒಬ್ರು ಮನೇಲಿ ಕಾಲು ಉಳಿಸ್ಕೊಳ್ಳೋ ಪ್ರಶ್ನೆ ಬಂದಾಗ ಮಾತ್ರ ಹಳೇ ಕಾಲದ ಪ್ಲೇಟೇ ಸಾಕು ಅನ್ನೋದು ಯಾಕೆ? ಮೂರು ದಿನದಲ್ಲಿ ಶುಗರ್ ಕಾಲು ಎಲ್ಲಿಂದ ಎಲ್ಲಿಗೆ ಹೋಗ್ಬಹುದು ಅಂತ ನೋಡಿರೋರಿಗೆ ಗೊತ್ತು. ಮಾಹಿತಿ ಜಾಸ್ತಿ ಇದ್ರೆ ನಷ್ಟ ಏನು?

ಲ್ಯಾಬ್ ಮೇಷ್ಟ್ರು

ಒಳ್ಳೇ ಪ್ರಶ್ನೆ. ಆಗ್ಲೂ ಕೇಳಿದ್ರು, ವಾಸಿಯಾಗಿ ವಾರಗಳಾದ್ಮೇಲೂ ಪಾಸಿಟಿವ್ ಬರ್ತಿದ್ದದ್ದು ನೆನಪಿಲ್ವಾ. ಆದ್ರೆ ದೊಡ್ಡ ವ್ಯತ್ಯಾಸ ಬೇರೆ ಇದೆ: ಆರೋಗ್ಯವಾಗಿರೋ ಮೂಗು ಗಂಟಲಲ್ಲಿ ಆ ವೈರಸ್ ಇರ್ಬಾರ್ದು, ಸಿಕ್ರೆ ಅದಕ್ಕೊಂದು ಅರ್ಥ ಇದೆ. ಟಿಬಿಯೂ ಹಾಗೇ. ಹಳೇ ಹುಣ್ಣಲ್ಲಿ ಬ್ಯಾಕ್ಟೀರಿಯಾ ಸಿಗೋದು ಹಾಗಲ್ಲ, ಸಿಗದೇ ಇದ್ರೇನೇ ಆಶ್ಚರ್ಯ.

ನಷ್ಟ ಏನು ಅಂದ್ರಲ್ಲ, ನಷ್ಟ ಇದೆ. ರಿಪೋರ್ಟಲ್ಲಿ ಎಂಟು ಹೆಸರು ಬಂದ್ರೆ ಎಂಟಕ್ಕೂ ಔಷಧಿ ಹೊಡೆಯೋಣ ಅಂತ ಅನ್ಸುತ್ತೆ, ಡಾಕ್ಟ್ರಿಗೂ ಅನ್ಸುತ್ತೆ, ಮನೆಯವ್ರಿಗಂತೂ ಅನ್ಸೇ ಅನ್ಸುತ್ತೆ. ಇನ್‌ಫೆಕ್ಷನ್ನೇ ಇಲ್ದಿರೋ ಹುಣ್ಣಿಗೆ ಆಂಟಿಬಯಾಟಿಕ್ ಕೊಟ್ರೆ ಬೇಗ ಮಾಯುತ್ತೆ ಅನ್ನೋಕೆ ಆಧಾರ ಇಲ್ಲ, ರೆಸಿಸ್ಟೆಂಟ್ ಬ್ಯಾಕ್ಟೀರಿಯಾ ಮಾತ್ರ ಬೆಳೆಯುತ್ತೆ. ಡಯಾಬಿಟಿಕ್ ಫೂಟ್‌ಗೆ, ಅಂದ್ರೆ ಶುಗರ್ ಕಾಲಿಗೆ, ಐಡಬ್ಲ್ಯೂಜಿಡಿಎಫ್ (ಶುಗರ್ ಕಾಲಿನ ಅಂತಾರಾಷ್ಟ್ರೀಯ ತಜ್ಞರ ಗುಂಪು) ಮತ್ತೆ ಐಡಿಎಸ್‌ಎ (ಅಮೆರಿಕಾದ ಇನ್‌ಫೆಕ್ಷನ್ ತಜ್ಞರ ಸಂಘ) ಸೇರಿ 2023ರಲ್ಲಿ ತಂದ ಗೈಡ್‌ಲೈನ್ ಇದೆ, ಅದ್ರಲ್ಲೂ ಯಾವ ಬ್ಯಾಕ್ಟೀರಿಯಾ ಅಂತ ತಿಳಿಯೋಕೆ ಮೊದ್ಲು ಮಾಮೂಲಿ ಕಲ್ಚರೇ ಮಾಡಿ, ಪಿಸಿಆರ್ ಥರದ ಮಾಲಿಕ್ಯುಲರ್ ಟೆಸ್ಟಿಂದ ಶುರು ಮಾಡ್ಬೇಡಿ ಅಂತಾನೇ ಇದೆ.

ಹಾಗಂತ ನಾನು ಪಿಸಿಆರ್ ವಿರೋಧಿ ಅಲ್ಲ, ಅದೇ ನನ್ನ ಅನ್ನ. ಆಂಟಿಬಯಾಟಿಕ್ ಶುರುವಾಗಿ ಕಲ್ಚರ್‌ನಲ್ಲಿ ಏನೂ ಬೆಳೀತಿಲ್ಲ ಆದ್ರೆ ಕಾಲು ಕೆಡ್ತಿದೆ ಅಂದಾಗ, ಮೂಳೆ ತುಣುಕು ಕಳಿಸಿದಾಗ, ಅನೆರೋಬ್ ಅನುಮಾನ ಇದ್ದಾಗ ಅದು ನಿಜಕ್ಕೂ ಕೈ ಹಿಡಿಯುತ್ತೆ. ಎಂಆರ್‌ಎಸ್‌ಎ ಟೆಸ್ಟಲ್ಲಿ ನನ್ನ ಕಣ್ಣಿಗೆ ನೆಗೆಟಿವ್ ರಿಸಲ್ಟಿಗೇ ಬೆಲೆ ಹೆಚ್ಚು: ಒಂದು ಗಂಟೇಲಿ ಎಂಆರ್‌ಎಸ್‌ಎ ಇಲ್ಲ ಅಂತ ಬಂದ್ರೆ ವ್ಯಾಂಕೊಮೈಸಿನ್, ಲಿನೆಜೋಲಿಡ್ ಥರದ್ದನ್ನ ನಿಲ್ಲಿಸೋಕೆ ಡಾಕ್ಟ್ರಿಗೆ ಧೈರ್ಯ ಬರುತ್ತೆ. ಇನ್ನೊಂದು, ಏನೇ ಮಾಡಿದ್ರೂ ಮಾಯದ ಹುಣ್ಣು, ಅಂಚು ಒಳಗೆ ಕೊರೆದ ಹಾಗಿದ್ರೆ ಟಿಬಿ ಇರ್ಬಹುದಾ ಅಂತ ಟಿಶ್ಯೂಗೆ ಸಿಬಿನ್ಯಾಟ್ ಹಾಕೋದು ನಮ್ಮ ದೇಶದಲ್ಲಿ ಒಳ್ಳೇ ಅಭ್ಯಾಸ.

ಸಂತೇಲಿ ಜೇಬು ಕತ್ತರಿಸಿದ್ದು ಯಾರು ಅನ್ನೋ ಗುಟ್ಟು ಬಿಡಿಸೋಕೆ ಫ್ರಾನ್ಸ್‌ನ ನೀಮ್ ಊರಿನವ್ರು ಒಂದು ಚೆಂದದ ಕೆಲಸ ಮಾಡಿದ್ರು, 2008ರಲ್ಲಿ ಬಂತು. ಬ್ಯಾಕ್ಟೀರಿಯಾ ಹೆಸರು ಹುಡುಕೋ ಬದ್ಲು ಸ್ಟ್ಯಾಫ್ ಆರಿಯಸ್ ಹತ್ರ ಯಾವ ಯಾವ ವಿಷದ ಜೀನ್ ಇದೆ ಅಂತ ನೋಡಿ, ಸುಮ್ನೆ ಕೂತಿರೋದಾ ಕಚ್ಚೋದಾ ಅಂತ ಬೇರೆ ಮಾಡೋ ಪ್ರಯತ್ನ. ನಂಗೆ ನಿಜವಾದ ಕುತೂಹಲ ಇರೋದು ಆ ಥರದ ಟೆಸ್ಟ್ ಮೇಲೆ. ನಮ್ಮ ಮಾಮೂಲಿ ಲ್ಯಾಬ್‌ಗೆ ಅದಿನ್ನೂ ಬಂದಿಲ್ಲ.

ಸೋಮವಾರಪೇಟೆ ಅಜ್ಜಿ ಮೊಮ್ಮಗ

ಇಷ್ಟೆಲ್ಲ ಯಾಕೆ, ಬೇವಿನ ಸೊಪ್ಪು ಹಾಕಿ ಕುದಿಸಿದ ಬಿಸಿನೀರಲ್ಲಿ ಕಾಲಿಟ್ಟು ಅರಿಶಿನ ಮೆತ್ತಿ ನೋಡಿ, ನಮ್ಮನೇಲಿ ಎಷ್ಟೋ ಗಾಯ ಹಂಗೇ ವಾಸಿಯಾಗಿದೆ.

ಹುಬ್ಬಳ್ಳಿ ಸಿಸ್ಟರ್

ಅಣ್ಣಾರ, ಸಿಟ್ಟಾಗಬ್ಯಾಡ್ರಿ, ಆದ್ರ ಶುಗರ್ ಕಾಲು ಬಿಸಿ ನೀರಾಗ ಇಡಬ್ಯಾಡ್ರಿ ಅಂತ ಕೈ ಮುಗದು ಹೇಳ್ತೇನಿ. ಅವ್ರಿಗೆ ಬಿಸಿ ಗೊತ್ತಾಗೂದಿಲ್ಲ, ನರ ಸತ್ತಿರ್ತಾವ, ಸುಟ್ಟು ಬೊಬ್ಬಿ ಎದ್ದ ಮ್ಯಾಲೆ ಓಡಿ ಬರ್ತಾರ. ಅಂಥಾವ್ರನ್ನ ಭಾಳ ಮಂದೀನ ನೋಡೇನಿ.

ಹಾಸನದವ್ರ, ನಾ ಡ್ರೆಸ್ಸಿಂಗ್ ರೂಮಿನ್ಯಾಗ ಭಾಳ ವರ್ಷದಿಂದ ಕೆಲಸ ಮಾಡಾಕತ್ತೇನ್ರಿ. ಮೇಷ್ಟ್ರು ಟೆಸ್ಟಿನ ಬಗ್ಗೆ ಹೇಳಿದ್ದು ಖರೇ ಐತಿ, ನಾ ಕಾಲಿನ ಬಗ್ಗೆ ಹೇಳ್ತೇನಿ. ಇನ್‌ಫೆಕ್ಷನ್ ಐತೋ ಇಲ್ಲೋ ಅಂತ ನಾವು ನೋಡೂದು ಕಣ್ಣಿಂದ, ಕೈಯಿಂದ. ಕೆಂಪಗಾಗೂದು, ಬಿಸಿ, ಬಾವು, ನೋವು, ಕೀವು, ಇದರಾಗ ಎರಡರ ಇದ್ರ ಇನ್‌ಫೆಕ್ಷನ್ ಅಂತ ಲೆಕ್ಕ. ಕೆಂಪು ಹುಣ್ಣಿನ ಅಂಚಿನಿಂದ ಎರಡು ಸೆಂಟಿಮೀಟರ್ ದಾಟಿ ಹಬ್ಬಿತ್ತಂದ್ರ, ಇಲ್ಲಾ ಒಳಗ ಆಳಕ್ಕ ಹೋಗಿತ್ತಂದ್ರ ಜೋರು ಆತು ಅಂತ. ಆದ್ರ ನಮ್ಮ ಮಂದಿ ಮೈಬಣ್ಣಕ್ಕ ಕೆಂಪು ಅಷ್ಟು ಎದ್ದು ಕಾಣೂದಿಲ್ಲ, ಅದಕ್ಕ ಕೈ ಹಿಂದಿನ ಬದಿ ಇಟ್ಟು ಎರಡೂ ಕಾಲು ಹೋಲ್ಸಿ ನೋಡ್ರಿ, ಒಂದು ಬಿಸಿ ಐತೇನು, ಹೊಳಪು ಬಂದೈತೇನು. ನೋವಿಲ್ಲ ಅಂತ ಸಮಾಧಾನ ಮಾಡ್ಕೋಬ್ಯಾಡ್ರಿ, ಜ್ವರ ಇಲ್ಲ ಅಂತನೂ ಮಾಡ್ಕೋಬ್ಯಾಡ್ರಿ, ಕಾಲು ಪೂರಾ ಕೆಟ್ಟರೂ ಜ್ವರ ಬರದ ಪೇಷಂಟ್ ಇರ್ತಾರ. ಒಮ್ಮಿಂದೊಮ್ಮೆಲೆ ಶುಗರ್ ಏರಿತು, ಬಾಯಿ ಕೆಟ್ಟೈತಿ ಊಟ ಬ್ಯಾಡ ಅಂದ್ರು, ಕಾಲು ಕಪ್ಪಾತು, ಇಂಥಾದ್ದು ಏನರ ಕಂಡ್ರ ಯಾವ ರಿಪೋರ್ಟಿನ ದಾರೀನೂ ಕಾಯಬ್ಯಾಡ್ರಿ, ಅವತ್ತ ದವಾಖಾನಿಗೆ ಹೋಗ್ರಿ.

ಇನ್ನ ಮಿಕ್ಸೆಡ್ ಗ್ರೋತ್ ಯಾಕ ಬಂತು ಅಂತ ಕೇಳ್ರಿ. ಡ್ರೆಸ್ಸಿಂಗ್ ಬಿಚ್ಚಿದ ಕೂಡಲೆ ಮ್ಯಾಲಿನ ಲೋಳೆಗೆ ಹತ್ತಿ ಕಡ್ಡಿ ಸವರಿ ಕಳಿಸ್ತಾರ, ಅದರಾಗ ಬರೂದು ಮ್ಯಾಲಿನ ಕಸಾನ. ಮೊದಲ ಸಲೈನಿನಿಂದ ತೊಳೀಬೇಕು, ಸತ್ತ ಚರ್ಮ ಕೆತ್ತಿ ತಗೀಬೇಕು, ಆಮ್ಯಾಲೆ ತಳದಾಗಿನ ಟಿಶ್ಯೂ ಚೂರು ಕಳಿಸ್ಬೇಕು. ಇದು ಸರಿ ಇಲ್ಲಂದ್ರ ಕಲ್ಚರ್ ಇರ್ಲಿ ಪಿಸಿಆರ್ ಇರ್ಲಿ ಎರಡೂ ಅಷ್ಟ.

ಮುಖ್ಯ ಏನಂದ್ರ ಮೂಳೀ ನೋಡ್ಯಾರೇನು? ಹುಣ್ಣಿನಾಗ ಸ್ಟೀಲಿನ ಮೊಂಡ ಕಡ್ಡಿ ಹಾಕಿ ನೋಡ್ತಾರ, ಕಟ್ ಅಂತ ಮೂಳೀಗೆ ತಾಗಿದ್ರ ಮೂಳ್ಯಾಗ ಇಳದೈತಿ ಅಂತ ಅನುಮಾನ, ಎಕ್ಸ್‌ರೇ, ಇಎಸ್‌ಆರ್ ಅನ್ನೂ ರಕ್ತದ ಟೆಸ್ಟ್ ಮಾಡಿಸ್ತಾರ, ಬೇಕಾದ್ರ ಎಂಆರ್‌ಐ. ಗುಳಗಿ ನಿಲ್ಸಿದ ಕೂಡಲೆ ಮತ್ತ ಶುರು ಆಗ್ತೈತಿ ಅಂದ್ರಲ್ಲ, ಅದನ್ನ ಓದಿ ನನಗ ಮೊದಲ ಬಂದ ಅನುಮಾನನ ಅದು. ಮೆತ್ತನ ಮಾಂಸದ ಇನ್‌ಫೆಕ್ಷನ್ನಿಗೆ ವಾರ ಎರಡು ವಾರ ಸಾಕಾಗ್ತೈತಿ, ಮೂಳೀಗೆ ಆಪರೇಶನ್ ಮಾಡದ ಬರೇ ಔಷಧಿ ಅಂದ್ರ ಆರು ವಾರದ ಮಾತು.

ಮತ್ತ ಅಪ್ಪಾರು ಆ ಕಾಲ ಮ್ಯಾಲೆ ಇನ್ನೂ ನಡ್ಯಾಕತ್ತಾರೇನು? ಹೆಬ್ಬೆರಳ ಬುಡದಾಗ ಆದ ಹುಣ್ಣು ಅಂದ್ರ ಪ್ರತಿ ಹೆಜ್ಜಿಗೂ ಮೈ ಭಾರ ಎಲ್ಲಾ ಅದರ ಮ್ಯಾಲ. ಅದು ನಿಲ್ಲಲಿಲ್ಲ ಅಂದ್ರ ಯಾವ ಔಷಧಿಗೂ ಬಗ್ಗೂದಿಲ್ಲ. ವೆಲ್ಲೂರಿನ್ಯಾಗ ಪಾಲ್ ಬ್ರಾಂಡ್ ಅಂತ ಡಾಕ್ಟರ್ ಇದ್ರು, ಕುಷ್ಠರೋಗದವ್ರ ಕಾಲಿನ ಹುಣ್ಣಿಗೆ ಪ್ಲಾಸ್ಟರ್ ಹಾಕಿ ಭಾರ ತಪ್ಪಿಸಿ ಮಾಯಿಸಿ ತೋರ್ಸಿದ್ರು, ಈಗ ಶುಗರ್ ಕಾಲಿಗೂ ಅದ ದಾರಿ.

ಪುತ್ತೂರು ಟು ಇಂಗ್ಲೆಂಡ್

ಸಿಸ್ಟರ್ ಹೇಳಿದ್ದಕ್ಕೆ ನನ್ನದೂ ಒಂದು ಸಹಿ. ನಾನಿಲ್ಲಿ ಕಮ್ಯೂನಿಟಿ ನರ್ಸ್, ದಿನಾ ಬೆಳಗಾದ್ರೆ ಕಾಲಿನ ಹುಣ್ಣಿನ ಕೆಲಸವೇ. ಇಲ್ಲಿ ಎಲ್ಲದಕ್ಕೂ ಮಷೀನ್ ಉಂಟು ಅಂತ ಊರಲ್ಲಿ ತಿಳ್ಕೊಂಡಿದ್ದಾರೆ, ಹಾಗೇನಿಲ್ಲ ಮಾರಾಯ್ರೆ. ವೇರಿಕೋಸ್ ವೇನ್‌ನಿಂದ ಆಗುವ ಕಾಲಿನ ಹುಣ್ಣಿಗೆ ಇಲ್ಲಿಯ ನೈಸ್ (ಚಿಕಿತ್ಸೆಯ ಗೈಡ್‌ಲೈನ್ ಮಾಡುವ ಸರ್ಕಾರಿ ಸಂಸ್ಥೆ) 2020ರಲ್ಲಿ ಕೊಟ್ಟ ಗೈಡ್‌ಲೈನ್ ನೋಡಿದ್ರೆ ಇನ್‌ಫೆಕ್ಷನ್ ಅಂತ ಕಂಡರೂ ಮೊದಲ ಭೇಟಿಯಲ್ಲಿ ಸ್ಯಾಂಪಲ್ ಕಳಿಸುವುದೇ ಬೇಡ ಅಂತ ಉಂಟು. ಡಯಾಬಿಟಿಕ್ ಫೂಟ್‌ಗೆ ಹಾಗಲ್ಲ, ಇನ್‌ಫೆಕ್ಷನ್ ಅನುಮಾನ ಇದ್ರೆ ಕ್ಲೀನ್ ಮಾಡಿ ತಳದಿಂದ ಸ್ಯಾಂಪಲ್ ತೆಗಿಬೇಕು. ಸ್ವ್ಯಾಬ್ (ಹತ್ತಿ ಕಡ್ಡಿ) ಮತ್ತೆ ಟಿಶ್ಯೂ ಎರಡನ್ನೂ ಹೋಲಿಸಿ ಇಲ್ಲಿ ಕೋಡಿಫೈ ಅಂತ ಒಂದು ಸ್ಟಡಿ ಆಗಿತ್ತು, 395 ಜನ, ಟಿಶ್ಯೂನಲ್ಲಿ ರೋಗ ತರುವ ಬ್ಯಾಕ್ಟೀರಿಯಾ ಹೆಚ್ಚು ಸಿಕ್ಕಿತು. ಟಿಶ್ಯೂ ತೆಗೆಯುವಾಗ ಸ್ವಲ್ಪ ರಕ್ತ ಬರ್ತದೆ, ಅದಕ್ಕೆ ಹೆದರಬೇಡಿ.

ಒಂದು ಆಟಿಕೆ ಮಾತ್ರ ನನಗೆ ಇಷ್ಟ ಆಯ್ತು, ಅದು ಪಿಸಿಆರ್ ಅಲ್ಲ, ಕ್ಯಾಮರಾ. ಕತ್ತಲೆ ಮಾಡಿ ನೇರಳೆ ಬೆಳಕು ಬಿಟ್ಟರೆ ಬ್ಯಾಕ್ಟೀರಿಯಾ ಜಾಸ್ತಿ ಇರುವ ಜಾಗ ಕೆಂಪಾಗಿ ಹೊಳಿತದೆ, ಸ್ಯೂಡೊಮೊನಾಸ್ ಇದ್ದಲ್ಲಿ ಹಸಿರು ನೀಲಿ. ಹೆಸರು ಹೇಳುವುದಿಲ್ಲ, ಆದ್ರೆ ಎಲ್ಲಿ ಕೆತ್ತಬೇಕು ಅಂತ ಆಗಲೇ ಕಣ್ಣಿಗೆ ಕಾಣ್ತದೆ, ಪೇಷಂಟಿಗೂ ತೋರಿಸಬಹುದು. ಅದು ಕೂಡ ಎಲ್ಲಾ ಕ್ಲಿನಿಕ್‌ನಲ್ಲಿ ಇಲ್ಲ.

ಮತ್ತೆ ರಕ್ತ ಓಡಾಟ ನೋಡಿಸಿದ್ರಾ? ಡಾಪ್ಲರ್ ಹಿಡಿದು ಪಾದದ ನಾಡಿ ನೋಡದೆ ತಿಂಗಳುಗಟ್ಟಲೆ ಆಂಟಿಬಯಾಟಿಕ್ ಕೊಡುವುದಕ್ಕೆ ಅರ್ಥ ಇಲ್ಲ, ರಕ್ತವೇ ಹೋಗದ ಕಡೆ ಔಷಧಿ ಎಲ್ಲಿಂದ ಹೋಗಬೇಕು ಹೇಳಿ.

ಟೆಕ್ಕಿ ಮಗ

ಸರಿ, ಗಾಯಕ್ಕೂ ಗಂಟಲಿಗೂ ವ್ಯತ್ಯಾಸ ಇದೆ ಅನ್ನೋದು ಒಪ್ಪಿದೆ. ಆದ್ರೂ ಒಂದ್ ಮಾತು, ಲಿನೆಜೋಲಿಡ್ ಯಾವ ಆಧಾರದ ಮೇಲೆ ಕೊಟ್ರು ಅವ್ರು? ಕಲ್ಚರ್ ಏನೂ ಹೇಳಿಲ್ಲ, ಪಿಸಿಆರ್ ಮಾಡ್ಸಿಲ್ಲ. ಕುರುಡು ಗುಂಡು ಹೊಡೆಯೋದಕ್ಕಿಂತ ಪಟ್ಟಿನಾದ್ರೂ ಇದ್ರೆ ವಾಸಿ ಅಲ್ವಾ?

ಲ್ಯಾಬ್ ಮೇಷ್ಟ್ರು

ಈ ಪ್ರಶ್ನೆಗೆ ನನ್ನ ಪೂರ್ತಿ ಓಟು. ನಮ್ಮ ದೇಶದ ಡಯಾಬಿಟಿಕ್ ಫೂಟ್ ಕಲ್ಚರ್‌ಗಳಲ್ಲಿ ಸ್ಯೂಡೊಮೊನಾಸ್, ಇ ಕೊಲೈ, ಕ್ಲೆಬ್ಸಿಯೆಲ್ಲಾ, ಪ್ರೋಟಿಯಸ್ ಥರದ ಗ್ರಾಮ್ ನೆಗೆಟಿವ್ ಅನ್ನೋ ಗುಂಪಿನ ಬ್ಯಾಕ್ಟೀರಿಯಾಗಳೇ ಎಷ್ಟೋ ಕಡೆ ಹೆಚ್ಚು ಸಿಗೋದು, ಅಮೆರಿಕಾ ಯೂರೋಪ್ ಪುಸ್ತಕದಲ್ಲಿ ಬರೆದಂಗೆ ಸ್ಟ್ಯಾಫೇ ಮೊದ್ಲು ಅಂತ ಇಲ್ಲ. ಲಿನೆಜೋಲಿಡ್ ಈ ಗ್ರಾಮ್ ನೆಗೆಟಿವ್‌ಗಳಿಗೆ ಏನೂ ಮಾಡಲ್ಲ. ಎರಡು ವಾರ ದಾಟಿ ತಗೊಂಡಿದ್ರೆ ರಕ್ತದಲ್ಲಿ ಪ್ಲೇಟ್‌ಲೆಟ್ ಕಮ್ಮಿಯಾಗಿದ್ಯಾ ಅಂತ ಚೆಕ್ ಮಾಡ್ಸಿದ್ರಾ ಅಂತಾನೂ ಡಾಕ್ಟ್ರನ್ನ ಕೇಳಿ. ಹಾಗಾಗಿ ಪಟ್ಟಿ ಬೇಡ ಅಂತ ನಾನು ಹೇಳ್ತಿಲ್ಲ, ಮೊದ್ಲು ಕಾಲು ನೋಡಿ ಇನ್‌ಫೆಕ್ಷನ್ ಅಂತ ತೀರ್ಮಾನ ಆಗ್ಲಿ, ಆಮೇಲೆ ಪಟ್ಟಿ. ಆಗ ಸರಿಯಾದ ಟಿಶ್ಯೂ ಕಲ್ಚರ್‌ಗೆ ಹೋಗ್ಲಿ, ಜತೆಗೆ ಪಿಸಿಆರೂ ಮಾಡ್ಸಿದ್ರೆ ಯಾರೂ ಬೇಡ ಅನ್ನಲ್ಲ.

ಹಾಸನದವ್ನು

ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ಬರುತ್ತೆ ಅಂತ ಅನ್ಕೊಂಡಿರ್ಲಿಲ್ಲ. ಸಿಸ್ಟರ್ ಹೇಳಿದ್ದನ್ನೆಲ್ಲ ಚೀಟೀಲಿ ಬರ್ಕೊಂಡು ಬೆಂಗಳೂರಲ್ಲಿ ಕಾಲಿನ ವಿಭಾಗ ಇರೋ ಕಡೆ ಕರ್ಕೊಂಡ್ ಹೋಗಿದ್ವಿ. ಕಡ್ಡಿ ಹಾಕಿ ನೋಡಿದ್ರು, ಮೂಳೆಗೆ ತಾಗ್ತು. ಎಕ್ಸ್‌ರೇಲೂ ಬೆರಳ ಬುಡದ ಮೂಳೆ ಅಂಚು ಸವೆದ ಹಾಗೆ ಇದೆ ಅಂದ್ರು. ರಕ್ತ ಓಟ ಪರ್ವಾಗಿಲ್ವಂತೆ. ಕಾಲಿಗೆ ಭಾರ ಬೀಳದ ಹಾಗೆ ಪ್ಲಾಸ್ಟರ್ ಥರದ ಬೂಟು ಕೊಟ್ಟಿದಾರೆ, ಅಪ್ಪ ಅದನ್ನ ಹಾಕ್ಕೊಂಡು ತೋಟಕ್ಕೆ ಹೋಗೋಕೆ ಹೊರಟಿದ್ರು, ಅಮ್ಮ ಬಾಗ್ಲಲ್ಲೇ ತಡೆದ್ರು. ಎಲ್ಲಾ ಆಂಟಿಬಯಾಟಿಕ್ ನಿಲ್ಲಿಸಿದಾರೆ, ಜ್ವರ ಗಿರ ಇಲ್ದಿರೋದ್ರಿಂದ ಸ್ವಲ್ಪ ದಿನ ಬಿಟ್ಟು ಮೂಳೆ ಚೂರು ತೆಗೆದು ಕಳಿಸ್ತೀವಿ ಅಂದ್ರು. ಪಿಸಿಆರ್ ಕೇಳಿದ್ದಕ್ಕೆ ಮೂಳೆ ಕಲ್ಚರ್‌ನಲ್ಲಿ ಏನೂ ಬೆಳೀದೇ ಇದ್ರೆ ಆಗ ಅದೇ ಚೂರಿಂದ ಮಾಡ್ಸೋಣ ಅಂದ್ರು.

ಒಂದು ಡೌಟು. ಸ್ಯಾಂಪಲ್‌ನ ಹೊರಗಡೆ ಲ್ಯಾಬ್‌ಗೆ ನಾವೇ ತಗೊಂಡ್ ಹೋಗ್ಬೇಕಂತೆ. ಡಬ್ಬಿ ಹೆಂಗಿರ್ಬೇಕು, ಐಸ್ ಹಾಕ್ಬೇಕಾ?

ಲ್ಯಾಬ್ ಮೇಷ್ಟ್ರು

ಮೂಳೆಗೆ ತಾಗಿದೆ ಅಂದ್ರೆ ಇಷ್ಟು ದಿನ ಯಾಕೆ ಮಾಯ್ಲಿಲ್ಲ ಅನ್ನೋದಕ್ಕೆ ಒಂದು ಕಾರಣ ಸಿಕ್ಕ ಹಾಗಾಯ್ತು.

ಡಬ್ಬಿ ವಿಷಯ ಮುಖ್ಯ. ಎರಡು ಡಬ್ಬಿ ಕೇಳಿ. ಕಲ್ಚರ್‌ಗೆ ಹೋಗೋದು ಸ್ಟೆರೈಲ್ ಡಬ್ಬಿ, ಚೂರು ಒಣಗದ ಹಾಗೆ ಕೆಲವು ಹನಿ ಸ್ಟೆರೈಲ್ ಸಲೈನ್ ಸಾಕು. ಬಯಾಪ್ಸಿಗೆ ಹೋಗೋದು ಫಾರ್ಮಲಿನ್ (ಚೂರು ಕೊಳೆಯದ ಹಾಗೆ ಇಡೋ ದ್ರವ) ಡಬ್ಬಿ. ಆಪರೇಶನ್ ಥಿಯೇಟರ್‌ನಲ್ಲಿ ಅಭ್ಯಾಸಬಲದಿಂದ ಎಲ್ಲಾನೂ ಫಾರ್ಮಲಿನ್‌ಗೆ ಹಾಕ್ಬಿಡ್ತಾರೆ, ಹಾಕಿದ್ರೆ ಮುಗೀತು, ಕಲ್ಚರ್‌ನಲ್ಲಿ ಏನೂ ಬೆಳೆಯಲ್ಲ, ಪಿಸಿಆರ್‌ಗೂ ಡಿಎನ್‌ಎ ಹಾಳಾಗಿರುತ್ತೆ. ಒಳಗೆ ಕರ್ಕೊಂಡ್ ಹೋಗೋಕೆ ಮುಂಚೆನೇ ಸಿಸ್ಟರ್ ಹತ್ರ ನೆನಪಿಸಿ. ಐಸ್ ಬೇಡ, ನೇರವಾಗಿ ಲ್ಯಾಬ್‌ಗೆ ಹೋಗಿ, ಒಂದೆರಡು ಗಂಟೆ ಒಳಗೆ ತಲುಪಿದ್ರೆ ಒಳ್ಳೇದು. ಫಾರ್ಮಲ್ಲಿ ಬರೀ ಪಸ್ ಅಂತ ಬರ್ಸ್ಬೇಡಿ, ಕಾಲಿನ ಮೂಳೆ ಚೂರು, ಯಾವ ಬೆರಳು, ಶುಗರ್ ಪೇಷಂಟ್, ಆಂಟಿಬಯಾಟಿಕ್ ಯಾವುದು ಯಾವತ್ತು ನಿಲ್ಲಿಸಿದ್ದು ಅಂತ ಬರ್ಸಿ, ಉಳಿದ ಚೂರನ್ನ ಎಸೀಬೇಡಿ ಡೀಪ್ ಫ್ರೀಜರ್‌ನಲ್ಲಿ ಇಡಿ ಅಂತ ಕೌಂಟರ್‌ನಲ್ಲಿ ಹೇಳಿ. ಕಲ್ಚರ್ ಖಾಲಿ ಬಂದ್ರೆ ಪಿಸಿಆರ್‌ಗೆ ಅದೇ ಬೇಕಾಗೋದು.

ಹುಬ್ಬಳ್ಳಿ ಸಿಸ್ಟರ್

ಅಮ್ಮಾರಿಗೆ ನನ್ನ ನಮಸ್ಕಾರ ಹೇಳ್ರಿ, ಬಾಗಲದಾಗ ಹಂಗ ತಡೀಲಿ ದಿನಾ. ಇನ್ನೊಂದು ಕಾಲಿಗೂ ಎಂಸಿಆರ್ (ಮೆತ್ತನ ರಬ್ಬರಿನ) ಚಪ್ಪಲ್ ಕೊಡಸ್ರಿ, ಬೂಟು ಹಾಕ್ಕೊಂಡ ಮ್ಯಾಲೆ ಭಾರ ಎಲ್ಲಾ ಆ ಕಾಲಿಗೆ ಬೀಳ್ತೈತಿ, ರಾತ್ರಿ ಮಲಗೂ ಮುಂದ ಅದನ್ನೂ ಬೆರಳ ಸಂದ್ಯಾಗೆಲ್ಲ ನೋಡ್ರಿ.